ಇಲ್ಲದ ದಿನದ ಕೂಲಿ

ಗಂಗಾವತಿ. ಎಪಿಎಂಸಿ ಎರಡನೇ ಗೇಟು.
ಹಮಾಲರ ಸಂಘದ ಕೋಣೆಗೆ
ಕಿಟಕಿ ಒಂದೇ, ಕಂಪ್ಯೂಟರು ಎರಡು:
ಒಂದು ಯಾವುದೋ ನಿಧಿಯದು, ಇನ್ನೊಂದು
ಮುಚ್ಚಿದ ರೈಸ್‌ಮಿಲ್ಲಿನವರು ಬಾಕಿಗೆ ಬದಲಾಗಿ ಕೊಟ್ಟದ್ದು.
ಕೀಲಿಗಳ ಸಂದಿಯಲ್ಲಿ ತೌಡು.
ಹಾಜರಿ ಬರೆಯುವವಳು ನಾನು.

ಮೊನ್ನೆ ಶನಿವಾರ, ಬಟವಾಡೆ ಹೊತ್ತಿಗೆ
ಇದರಲ್ಲಿ ಬರೆದ ಪಟ್ಟಿಯನ್ನು ಅದರಲ್ಲಿ ತೆರೆದೆ.
ಒಂದು ಸಾಲು ಕೆಳಗೆ ಜಾರಿ
ಗಾದಿಲಿಂಗನ ನಲವತ್ತೆರಡು ಚೀಲ
ಮೌಲಾಹುಸೇನನ ಹೆಗಲಿಗೆ ಬಿದ್ದವು.
ಮೌಲಾಹುಸೇನ ಆ ವಾರ ಬಂದೇ ಇರಲಿಲ್ಲ,
ಮಗಳ ನಿಶ್ಚಯಕ್ಕೆ ಕಾರಟಗಿಗೆ ಹೋಗಿದ್ದ.
"ಹೊರದ ಭಾರ ಇಷ್ಟು ಹಗುರ ಇರತೈತೇನು" ಅಂದ.

ಅಲ್ಲಿಂದ ಶುರು.

ಯಂಕೋಬ ಅಂದ: "ಯಾವ ಕಂಪನಿಯ ಹಂಗೂ ಬ್ಯಾಡ.
ಬರದದ್ದು ನಮ್ಮದಾದ ಮ್ಯಾಲ
ಬರಿಯೋ ನಮೂನೀನೂ ನಮ್ಮದಾಗ್ಲಿ.
ಇದರ ನಿಯಮ ಏಳುನೂರು ಪುಟ, ಯಾರು ಬೇಕಾದ್ರೂ ಓದಬಹುದು."
ಜಿಲಾನಿ ಬಿಡಲಿಲ್ಲ:
"ನಮ್ಮದೂ ಮುಕ್ತನ. ನಮ್ಮದಕ್ಕೂ ಮುದ್ರಿ ಬಿದ್ದೈತಿ.
ಲೇಬರ್ ಆಫೀಸು, ಬ್ಯಾಂಕು, ಆಡಿಟರು
ಎಲ್ಲಾರೂ ತೆರೆಯೋದು ಇದನ್ನ.
ನಿನ್ನ ಮೊದಲನೇ ಪುಸ್ತಕದಾಗ
ಕೂಡೋ ಲೆಕ್ಕ ಹೆಂಗ ಬರೀಬೇಕಂತ
ಬರದಿರಲೇ ಇಲ್ಲ, ಗೊತ್ತೈತಾ?"
"ನಿಂದು ಆರು ಸಾವಿರ ಪುಟ!"

"ಆರು ಸಾವಿರ..." ಗಾದಿಲಿಂಗ ಮೆಲ್ಲಗೆ ಕೇಳಿದ,
"ಒಬ್ಬ ಆಳಿನ ಹೊರೀನಾ, ಇಬ್ಬರದಾ?"

ಹುಲಗಪ್ಪಜ್ಜ ಕೊಕ್ಕೆಯ ತುದಿಯಿಂದ
ಉಗುರಿನ ಮಣ್ಣು ತೆಗೆಯುತ್ತಿದ್ದ.
"ನಮ್ಮಪ್ಪ ಹೇಳ್ತಿದ್ದ:
ಹೊಳಿ ಈ ದಂಡಿಗೆ ನಿಜಾಮನ ಹಾಲಿ ಸಿಕ್ಕಾ,
ಆ ದಂಡಿ ಕಂಪ್ಲಿಯೊಳಗ ಕಲ್ದಾರು.
ಇದೂ ರೂಪಾಯಿ, ಅದೂ ರೂಪಾಯಿ,
ಎರಡಕ್ಕೂ ಸರಕಾರದ್ದ ಮುದ್ರಿ.
ಹರಗೋಲು ಇಳದು ನಾಕು ಹೆಜ್ಜಿ ಇಟ್ರ
ವಟ್ಟ ಅಂತ ಎರಡಾಣೆ ಮುರಕೊಳ್ಳಾಂವ ಒಬ್ಬ ಕುಂತಿರ್ತಿದ್ದ.
ಚೀಲದ ತೂಕ ಎರಡೂ ದಂಡಿಗೆ ಒಂದ.
ಆ ವಟ್ಟದಾಂವ ಈಗ ಎಲ್ಲಿ ಕುಂತಾನ,
ಅಷ್ಟು ಹೇಳ್ರಿ."

ಯಾರೂ ಹೇಳಲಿಲ್ಲ.
ನಾನು ಶನಿವಾರದ ರಾತ್ರಿಗಳನ್ನು ನೆನೆದೆ:
ಒಂದೊಂದೇ ಹೆಸರನ್ನು ಕೈಹಿಡಿದು
ಅದರದರ ಚೀಲದ ಎದುರು ತಂದು ನಿಲ್ಲಿಸುವುದು.
ಎರಡು ತಾಸು. ಅದಕ್ಕೆ ಪಟ್ಟಿಯಲ್ಲಿ ಕಾಲಮ್ಮಿಲ್ಲ.

ಕಪಾಟಿನ ತಳದಲ್ಲಿ ಹಳೆ ಕಾರ್ಯದರ್ಶಿಯ ಸೀಡಿ.
ತೆರೆದರೆ ಅವನ ಕನ್ನಡವೆಲ್ಲ
ತಲೆಗೆ ಕೊಂಬಿಟ್ಟುಕೊಂಡ ಇಂಗ್ಲಿಷ್ ಅಕ್ಷರ;
ಆ ಫಾಂಟು ಯಾರ ಹತ್ತಿರವೂ ಇಲ್ಲ.
ಅದಕ್ಕೂ ಹಿಂದೆ ಕೆಂಪು ಖಾತೆಪುಸ್ತಕ ಇತ್ತು.
ಗೆದ್ದಲಿಗೆ ಯಾವ ನಮೂನೆಯಾದರೂ ಸರಿ.

ಯಂಕೋಬ ಕೊನೆಯ ಕಲ್ಲು ಬೀಸಿದ:
"ನಿನ್ನ ಪುಸ್ತಕದಾಗ ಸಾವಿರದ ಒಂಬೈನೂರನೇ ಇಸವಿ
ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ!
ಅಂಥಾ ದಿನ ಹುಟ್ಟೇ ಇಲ್ಲ.
ಯಾವುದೋ ಹಳೇ ಲೆಕ್ಕದ ತಪ್ಪು,
ಅದನ್ನ ನಿಯಮ ಮಾಡಿ ಇಟ್ಕೊಂಡಾರ."
"ಈಗ ತೆಗದ್ರ," ಜಿಲಾನಿಯ ದನಿ ಇಳಿದಿತ್ತು,
"ಎಲ್ಲಾರ ಹಳೇ ಹಾಳಿಯೊಳಗೂ ಒಂದು ದಿನ ಜಾರತೈತಿ. ಬೇಕಾ?"

ಅಜ್ಜ ತಲೆಯೆತ್ತಿದ.
"ಅವತ್ತು ಚೀಲ ಹೊತ್ತೋರ ಕೂಲಿ
ಯಾರು ಕೊಟ್ರು?"

ನಕ್ಕರು. ಚಹಾ ಬಂತು. ಲಾರಿ ಬಂತು.
ತೀರ್ಮಾನ ಮುಂದಿನ ಸಭೆಗೆ ಅಂತ ನಾನೇ ಬರೆದೆ,
ಎರಡೂ ನಮೂನೆಯಲ್ಲಿ.

ಎಲ್ಲರೂ ಹೋದ ಮೇಲೆ
ಆ ತಾರೀಖನ್ನು ಎರಡರಲ್ಲೂ ಹೊಡೆದು ನೋಡಿದೆ.
ಹೆಸರು ಗೊತ್ತಿಲ್ಲ; 'ಹಮಾಲ' ಅಂತ ಹಾಕಿದೆ,
ಎದುರಿಗೆ ಮೂವತ್ತು ಚೀಲ.
ಒಂದು ಅದನ್ನು ದಿನವೆಂದು ಒಪ್ಪದೆ
ಬರೀ ಅಕ್ಷರವಾಗಿಸಿ ಎಡಗೋಡೆಗೆ ಒರಗಿಸಿತು.
ಇನ್ನೊಂದು ತಡವರಿಸಲಿಲ್ಲ.
ಬುಧವಾರ, ಅಂತು.

ಬಾಗಿಲಲ್ಲಿ ಹುಲಗಪ್ಪಜ್ಜ, ಮರೆತ ಟವೆಲ್ಲಿಗೆ ಬಂದವನು,
ನಾನು ಓದಿದ್ದನ್ನು ಕೇಳಿಸಿಕೊಂಡ.
"ಬುಧವಾರ ಅಂದ್ರ ಗೋದಾಮು ತೆರದಿರತೈತಿ," ಅಂದ.
"ಬಾಕಿ ಅಂತ ಬರಕೋ."